ತಟ್ಟೆಯಲ್ಲಿ ಉಳಿದದ್ದು

ಆ ಮನೆಯಲ್ಲಿ ತಟ್ಟೆಯಲ್ಲಿ ಏನನ್ನೂ ಬಿಡುವ ಹಾಗಿರಲಿಲ್ಲ. ನೆಂಟರಿಗೂ ಅದೇ ಕಾನೂನು. "ಸಾಕಪ್ಪ" ಎಂದು ಎದ್ದ ದೂರದ ನೆಂಟನೊಬ್ಬನನ್ನು ಅತ್ತೆ ಭುಜ ಹಿಡಿದು ಕೂರಿಸಿ, ಉಳಿದಿದ್ದ ಎರಡು ತುತ್ತನ್ನು ತಿನ್ನಿಸಿಯೇ ಕೈತೊಳೆಯಲು ಬಿಟ್ಟದ್ದು ಇಡೀ ಬೀದಿಗೆ ಗೊತ್ತು. ಅವನು ಆಮೇಲೆ ಆ ಕಡೆ ತಲೆ ಹಾಕಿಲ್ಲ. ಸವೆದ ಸೋಪಿನ ಚೂರು ಹೊಸ ಸೋಪಿನ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಟೂತ್‌ಪೇಸ್ಟಿನ ಟ್ಯೂಬಿನ ಹೊಟ್ಟೆಯನ್ನು ಕತ್ತರಿಯಿಂದ ಸೀಳಿ ಬಳಿದುಕೊಳ್ಳುತ್ತಿದ್ದರು. ಕತ್ತರಿಗೇನೂ ಬರವಿರಲಿಲ್ಲ, ಸೊಸೆ ಟೈಲರ್. ಬೀದಿಯ ಕಡೆಯ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ನಿಲುವುಗನ್ನಡಿ. ಅಲ್ಲಿ ಉಳಿದ ಬಟ್ಟೆಯ ಚೂರೆಲ್ಲ ಕಾಲೊರಸೋ, ದಿಂಬಿನ ಚೀಲವೋ, ಬಿಸಿಪಾತ್ರೆ ಹಿಡಿಯುವ ಬಟ್ಟೆಯೋ ಆಗದೆ ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ.

ಬೀದಿಯವರು ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ನಲವತ್ತೇಳು ತುಂಬಿದ ಆ ಟೈಲರಮ್ಮ ಒಂದು ದಿನ ಊಟದ ನಡುವೆ, ಉಪ್ಪು ಕೇಳುವ ದನಿಯಲ್ಲಿ, "ನಾನು ಲಾ ಓದ್ತೀನಿ" ಅಂದಳು.

ಗಂಡ ಲಿಫ್ಟ್ ಮೆಕ್ಯಾನಿಕ್. ಹತ್ತು ಮಹಡಿ ಮೇಲೆ ಕತ್ತಲ ಬಾವಿಯಂಥ ಜಾಗದಲ್ಲಿ ನೇತಾಡಿಕೊಂಡು ಕೆಲಸ ಮಾಡುವವನಿಗೆ ಅಷ್ಟು ಸುಲಭಕ್ಕೆ ಗಾಬರಿಯಾಗುವುದಿಲ್ಲ. ಅವನು ಬಾಯಲ್ಲಿದ್ದುದನ್ನು ನುಂಗಿ ಕೇಳಿದ. "ಯಾವ ಲಾ?"

"ಲಾ ಅಂದ್ರೆ ಲಾ. ವಕೀಲಿಕೆ. ಸಂಜೆ ಕಾಲೇಜಿದೆ. ಪ್ರವೇಶ ಪರೀಕ್ಷೆ ಬರೀಬೇಕು."

"ಪರೀಕ್ಷೇಲಿ ಜೇಬು ಹೊಲಿಯೋಕೆ ಹೇಳ್ತಾರಾ?"

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಕಿಸಕ್ಕೆಂದು ನಕ್ಕಳು. ತಾಯಿಯ ಮುಖ ನೋಡಿ ನಗು ನುಂಗಿದಳು.

ಅತ್ತೆ ಮಾತ್ರ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ. ಇವಳಿಗೆ ಇನ್ಮೇಲೆ ಜಗಳಾನೇ ಕಸುಬಂತೆ. ಮೊದಲು ಮುಂದಿರೋದನ್ನ ತಿನ್ನು."

ಈ ಆಸೆ ಅಂದು ಹುಟ್ಟಿದ್ದಲ್ಲ. ಟೈಲರಮ್ಮನಿಗೆ ಒಬ್ಬ ತಂಗಿಯಿದ್ದಳು. ಅವಳನ್ನು ಗಂಡ ಬಿಟ್ಟುಹೋದ ಮೇಲೆ ಜೀವನಾಂಶಕ್ಕಾಗಿ ಕೋರ್ಟಿಗೆ ಅಲೆದು ಅಕ್ಕ ತಂಗಿ ಇಬ್ಬರೂ ಚಪ್ಪಲಿ ಸವೆಸಿದ್ದರು. ಕೊನೆಗೊಂದು ದಿನ ತಂಗಿಯ ಹೆಸರು ಕೂಗಿದಾಗ ಅವರ ವಕೀಲ ಇನ್ನೊಂದು ಕೋರ್ಟ್ ಹಾಲಿನಲ್ಲಿದ್ದ. ಯಾರೂ ಏಳಲಿಲ್ಲ. ತಂಗಿ ಬೆವೆತು ಕೂತಿದ್ದಳು. ಟೈಲರಮ್ಮನೇ ಎದ್ದು ನಿಂತಳು.

"ನೀವು ಯಾರು?" ಜಡ್ಜ್ ಕೇಳಿದರು.

"ಅವಳ ಅಕ್ಕ ಸ್ವಾಮಿ. ನನಗೆ ಎಲ್ಲಾ ಗೊತ್ತಿದೆ, ಹೇಳ್ತೀನಿ."

"ಕೂತ್ಕೊಳ್ಳಿ."

ಕೂತುಕೊಂಡಳು. ಕೋರ್ಟಿನಲ್ಲಿ ಅದು ದಿನವೂ ಹೇಳುವ ಮಾತು, ಹೇಳಿದವರಿಗೆ ನೆನಪೂ ಇರಲಿಕ್ಕಿಲ್ಲ. ಆದರೆ ಅವಳಿಗೆ ಅಂದಿನಿಂದ ಯಂತ್ರದ ಮುಂದೆ ಕೂತಾಗಲೆಲ್ಲ ಅದು ಕೇಳಿಸುತ್ತಿತ್ತು. ಮದುವೆಯಾದ ಮೇಲೆ ಅಂಚೆ ಶಿಕ್ಷಣದಲ್ಲಿ ಕಷ್ಟಪಟ್ಟು ತೆಗೆದುಕೊಂಡ ಪದವಿಯೊಂದು ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನಾದರೂ ಯಾಕೆ ವ್ಯರ್ಥ ಮಾಡಬೇಕು? ಆ ಮನೆಯ ಸೊಸೆ ಹಾಗೆ ಯೋಚಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಎರಡು ದಿನ ಮನೆಯಲ್ಲಿ ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಮೂರನೇ ದಿನ ಗಂಡ ಶೂ ಕಳಚುತ್ತಾ ತೀರ್ಪು ಕೊಟ್ಟ.

"ಒಂದು ಸಲ. ಬರಿ. ಸೀಟು ಸಿಕ್ಕರೆ ಓದು. ಸಿಗದಿದ್ರೆ ಈ ಮಾತು ಈ ಮನೇಲಿ ಮತ್ತೆ ಎತ್ತೋ ಹಾಗಿಲ್ಲ. ನಾನೂ ಎತ್ತಲ್ಲ, ಆಡ್ಕೊಂಡು ನಗೋದೂ ಇಲ್ಲ. ಒಪ್ಪಿಗೇನಾ?"

"ಒಪ್ಪಿಗೆ."

"ಮನೆಗೆಲಸ ಒಂದೂ ನಿಲ್ಲಬಾರದು," ಒಳಗಿನಿಂದ ಅತ್ತೆಯ ದನಿ ಬಂತು. ಅವಳ ಕಿವಿಗೆ ಮಾತ್ರ ವಯಸ್ಸಾಗಿರಲಿಲ್ಲ.

"ನಿಲ್ಲಲ್ಲ ಅತ್ತೆ."

ಅದನ್ನು ಒಪ್ಪಿಕೊಂಡಿದ್ದೇ ತಪ್ಪು ಎಂದು ಮಗಳು ಆಗಲೇ ಅಂದುಕೊಂಡಳು.

ಹೊಲಿಗೆ ಯಂತ್ರದ ಪಕ್ಕ ಪುಸ್ತಕ ಬಂತು. ಪ್ಯಾಂಟಿನ ಅಂಚು ಮಡಚುತ್ತಾ ಒಂದು ಪುಟ, ಗುಂಡಿ ಹಾಕುತ್ತಾ ಒಂದು ಪುಟ. ಅಳತೆ ಕೊಡಲು ಬಂದವರು ಕೈಯೆತ್ತಿ ನಿಂತಿರುವಾಗಲೇ ಅವಳ ತುಟಿ ಅಲುಗುತ್ತಿತ್ತು. ಒಂದು ದಿನ ಓದುವ ಗುಂಗಿನಲ್ಲಿ ಇಸ್ತ್ರಿಪೆಟ್ಟಿಗೆ ಎತ್ತುವುದನ್ನು ಮರೆತು, ಬ್ಯಾಂಕಿನ ಮೇಡಂ ಒಬ್ಬರ ತಿಳಿನೀಲಿ ಅಂಗಿಯ ಬೆನ್ನ ಮೇಲೆ ಸುಟ್ಟು ಕಂದು ದೋಣಿ ಮೂಡಿತು. ಹೊಸ ಬಟ್ಟೆ ತಂದು ಹೊಲಿದುಕೊಟ್ಟಳು.

"ಎರಡು ದೋಣಿ ಮೇಲೆ ಕಾಲಿಟ್ಟರೆ ಹೀಗೇ," ಅಂದಳು ಅತ್ತೆ. "ದೋಣಿ ತಾನಾಗೇ ಬಂದು ಅಂಗಿ ಮೇಲೆ ಕೂರುತ್ತೆ."

ಊಟದ ಮೇಜಿನ ಮೇಲೂ ಕಾನೂನೇ. ಆ ಪರೀಕ್ಷೆಯಲ್ಲಿ ಒಂದು ನಿಯಮ ಕೊಟ್ಟು, ಒಂದು ಪ್ರಸಂಗ ಹೇಳಿ, ಯಾರದು ಸರಿ ಎಂದು ಕೇಳುತ್ತಾರೆ. ಮಗಳು ಪುಸ್ತಕ ಹಿಡಿದು ಓದುತ್ತಿದ್ದಳು. "ಒಬ್ಬನ ಹಿತ್ತಲ ಮರದ ಹಣ್ಣು ಪಕ್ಕದವನ ಹಿತ್ತಲಿಗೆ ಬಿತ್ತು. ಹಣ್ಣು ಯಾರದು?"

"ಮರ ಯಾರದೋ ಅವನದು," ಅಂದ ಗಂಡ.

"ನೆಲ ಯಾರದೋ ಅವನದು," ಅಂದಳು ಟೈಲರಮ್ಮ.

"ತಿಂದವನದು," ಅಂದಳು ಅತ್ತೆ. "ಇದಕ್ಕೂ ಕಾಲೇಜು ಬೇಕಾ?"

ನಕ್ಕರು, ಸರಿ. ಆದರೆ ಭಾನುವಾರದ ಮಾದರಿ ಪರೀಕ್ಷೆಗಳಲ್ಲಿ ನಗುವಂಥದ್ದೇನೂ ಇರಲಿಲ್ಲ. ಮಗಳು ಮಾತ್ರೆ ಕಂಪನಿಯ ಪೆನ್ನು ಹಿಡಿದು ಸ್ಟೂಲಿನ ಮೇಲೆ ಕೂತು ತಿದ್ದುತ್ತಿದ್ದಳು. ಮೊದಲ ವಾರ ಅಂಕ ಕಡಿಮೆ. ಎರಡನೇ ವಾರ, ಓದು ಜಾಸ್ತಿಯಾಗಿದ್ದರೂ, ಇನ್ನೂ ಕಡಿಮೆ. ಮೂರನೇ ವಾರ ಮಗಳು ಪೆನ್ನು ಕೆಳಗಿಟ್ಟು ತಾಯಿಯನ್ನೇ ನೋಡಿದಳು.

"ಅಮ್ಮ, ಇದರಲ್ಲಿ ಎಷ್ಟು ನಿಂಗೆ ನಿಜವಾಗ್ಲೂ ಗೊತ್ತಿತ್ತು?"

"ಮುಕ್ಕಾಲು ಪಾಲು."

"ಮಿಕ್ಕಿದ್ದು?"

"ಏನೋ ಒಂದು ಗುರುತು ಹಾಕ್ದೆ."

"ತಪ್ಪು ಉತ್ತರಕ್ಕೆ ಅಂಕ ಕಳೀತಾರೆ ಅಂತ ಎಷ್ಟು ಸಲ ಹೇಳ್ಬೇಕು? ಸರಿ ಬರೆದಿರೋದರಲ್ಲೇ ಕಿತ್ಕೋತಾರೆ. ಗೊತ್ತಿಲ್ಲದ್ದನ್ನ ಬಿಟ್ಟಿದ್ರೆ ಇವತ್ತು ನೀನು ಪಾಸು!"

"ಹಾಗೇ ಹೇಗೆ ಬಿಡೋದೇ? ಖಾಲಿ ಇರುತ್ತಲ್ಲ."

"ಖಾಲೀನೇ ಇರ್ಲಿ."

"ನೋಡೋಕಾಗಲ್ಲ ಕಣೇ," ಅಂದಳು ಟೈಲರಮ್ಮ. ಅದು ತಮಾಷೆಯಾಗಿರಲಿಲ್ಲ. ಇಪ್ಪತ್ತೈದು ವರ್ಷ ತಟ್ಟೆ ಬಳಿದು ತಿಂದು, ಪಾತ್ರೆಯ ತಳ ಕೆರೆದು, ಚೂರು ಬಟ್ಟೆ ಜೋಡಿಸಿದವಳು ಅವಳು. ಮುಂದೆ ಇಟ್ಟ ಯಾವುದನ್ನೂ ಮುಗಿಸದೆ ಎದ್ದು ಗೊತ್ತೇ ಇರಲಿಲ್ಲ. ನಾಲ್ಕನೇ ಭಾನುವಾರ ಬಿಡುತ್ತೇನೆಂದು ಮಾತು ಕೊಟ್ಟು ಕೂತಳು. ಬಿಟ್ಟಳು ಕೂಡ. ಕೊನೆಯ ಐದು ನಿಮಿಷದಲ್ಲಿ ಕೈ ತಡೆಯದೆ ಹಿಂದಕ್ಕೆ ಹೋಗಿ ಎಲ್ಲ ಖಾಲಿ ಜಾಗಗಳಿಗೂ ಗುರುತು ಹಾಕಿಬಂದಳು. ಮಗಳಿಗೆ ಅಳುವೇ ಬಂತು.

"ನೀನು ಏನನ್ನೂ ಬಿಡಲ್ಲ ಅಮ್ಮ. ಪಾತ್ರೆ ಬಿಡಲ್ಲ, ಪಕ್ಕದ ಮನೆಯವರ ಹರಿದ ಬ್ಯಾಗ್ ಬಿಡಲ್ಲ, ಅಪ್ಪನ ಸಾಕ್ಸ್ ಬಿಡಲ್ಲ. ಇಲ್ಲಿ ಎಲ್ಲಿಂದ ಬಿಡ್ತೀಯ?"

ಆಗ ಮಗಳಿಗೆ ಒಂದು ಉಪಾಯ ಹೊಳೆಯಿತು. ಇಪ್ಪತ್ತೆರಡರ ವಯಸ್ಸಿನಲ್ಲಿ ಹೊಳೆಯುವ ಉಪಾಯಗಳ ಬಗ್ಗೆ ಯಾರಾದರೂ ಎಚ್ಚರಿಸಬೇಕಿತ್ತು. ಬಿಡುವುದನ್ನು ತಟ್ಟೆಯಿಂದಲೇ ಕಲಿಯಬೇಕು ಎಂದು ಅವಳ ವಾದ. ದಿನಕ್ಕೆ ಒಂದೇ ಒಂದು ತುಂಡು.

ಮರುದಿನ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಟೈಲರಮ್ಮ ಎಲ್ಲವನ್ನೂ ತಿಂದು, ಒಂದು ಆಲೂಗಡ್ಡೆಯ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿ, ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮಗಳು ಕಣ್ಣಲ್ಲೇ ಶಭಾಷ್ ಅಂದಳು.

"ಅದೇನದು?" ಅಂದಳು ಅತ್ತೆ.

"ಸಾಕಾಯ್ತು ಅತ್ತೆ."

"ಒಂದು ತುಂಡಿಗೆ ಸಾಕಾಗೋ ಹೊಟ್ಟೆ ಎಲ್ಲಿಂದ ತಂದೆ?"

ಗಂಡನಿಗೆ ಅಪಾಯದ ವಾಸನೆ ಬಡಿಯಿತು. ತಾನೇ ತಿಂದು ಮುಗಿಸಿಬಿಡೋಣವೆಂದು ಕೈ ಚಾಚಿದ. ಅತ್ತೆ ಆ ಕೈಗೆ ಪಟ್ಟೆಂದು ಒಂದು ಕೊಟ್ಟಳು. "ಅವಳ ತಟ್ಟೇದು ಅವಳೇ ತಿನ್ನಬೇಕು. ಒಬ್ಬರು ಬಿಟ್ಟಿದ್ದನ್ನ ಇನ್ನೊಬ್ಬರು ತಿನ್ನೋ ಮನೆ ಅಲ್ಲ ಇದು."

"ಅಜ್ಜಿ, ಅದು ಅಭ್ಯಾಸಕ್ಕೆ," ಮಗಳು ಬಾಯಿ ಹಾಕಿದಳು. "ಪರೀಕ್ಷೆಗೆ. ಅಮ್ಮ ಬಿಡೋದನ್ನ ಕಲೀತಿದ್ದಾಳೆ."

"ಅನ್ನ ಬಿಡೋದನ್ನ ಕಲಿಸೋ ಕಾಲೇಜಾ ಅದು?" ಅತ್ತೆ ನೀರಿನ ಲೋಟ ಕುಕ್ಕಿದಳು. "ಬೀದಿಗೆಲ್ಲ ವಕೀಲಮ್ಮ ಅನ್ನಿಸಿಕೊಳ್ಳೋಕೆ ಮುಂಚೆ ಮನೇಲಿ ಅಹಂಕಾರ ಶುರುವಾಯ್ತಾ? ಕೂಸು ಹುಟ್ಟೋಕೆ ಮುಂಚೆ ಕುಲಾವಿ!"

"ಅತ್ತೆ, ಹಾಗಲ್ಲ..."

"ಹೇಗೂ ಬೇಡ."

ಟೈಲರಮ್ಮ ಆ ತುಂಡನ್ನು ಬಾಯಿಗೆ ಹಾಕಿಕೊಂಡಳು. ಅಷ್ಟರಲ್ಲಿ ಅತ್ತೆ ಎದ್ದು ಹೋಗಿಯಾಗಿತ್ತು.

ಅಲ್ಲಿಂದ ಅತ್ತೆ ಎಲ್ಲರಿಗಿಂತ ಮೊದಲೇ, ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಊಟ ಮುಗಿಸತೊಡಗಿದಳು. ಮೇಜಿನ ಮೇಲೆ ನಾಲ್ಕು ಜನರ ಜಾಗದಲ್ಲಿ ಮೂರೇ ಜನ. ಯಾರೂ ಹಣ್ಣಿನ ಮರದ ಮಾತು ಎತ್ತಲಿಲ್ಲ. ಗಂಡ ಎರಡು ಸಲ ರಾಜಿಗೆ ಹೋಗಿ ಎರಡು ಕಡೆಯಿಂದಲೂ ಬೈಸಿಕೊಂಡು ಬಂದ.

"ಕೆಟ್ಟು ನಿಂತ ಲಿಫ್ಟಿನಲ್ಲಿ ಸಿಕ್ಕಿಕೊಂಡ ಹಾಗಿದೆ ನನ್ನ ಬಾಳು," ಅಂದ ಮಗಳ ಹತ್ತಿರ. "ಮೇಲೂ ಇಲ್ಲ, ಕೆಳಗೂ ಇಲ್ಲ."

ಟೈಲರಮ್ಮ ಒಂದು ಸಂಜೆ ಪುಸ್ತಕವನ್ನು ಬಟ್ಟೆಚೂರಿನ ಮೂಟೆಯ ಕೆಳಗೆ ತುರುಕಿದಳು. "ಬೇಡ ಬಿಡ್ರೀ. ಮುದುಕಿ ಮನಸ್ಸು ನೋಯಿಸಿ ಯಾವ ಸೀಟು ತಗೊಳ್ಳಲಿ? ನನ್ನ ಕೈಲಿ ಆಗೋದೂ ಇಲ್ಲ."

ಆರು ವಾರದ ಹಿಂದೆ ಇದೇ ಮಾತು ಕೇಳಿದ್ದರೆ ಗಂಡನಿಗೆ ಸಮಾಧಾನವಾಗುತ್ತಿತ್ತು. ಈಗ ಹಾಗಾಗಲಿಲ್ಲ. ಅವನು ಮೂಟೆ ಎತ್ತಿ ಪುಸ್ತಕ ಹೊರತೆಗೆದು, ಅಂಟಿದ್ದ ದಾರ ಬಿಡಿಸಿ, ಯಂತ್ರದ ಮೇಲಿಟ್ಟ. "ಒಂದು ಸಲ ಅಂದಿದ್ದೀನಿ. ಆ ಒಂದು ಸಲ ಇನ್ನೂ ಆಗಿಲ್ಲ."

ಮಗಳಿಗೆ ತಡೆಯಲಾಗಲಿಲ್ಲ. ಬೆಂಕಿ ಹಚ್ಚಿದವಳು ತಾನೇ ತಾನೆ? ಮರುದಿನ ಅಂಗಡಿಗೆ ಹೋಗುವ ಮೊದಲು ಅಡುಗೆಮನೆಯ ನೆಲದ ಮೇಲೆ ಅಜ್ಜಿಯ ಎದುರು ಕೂತು ಹುರುಳಿಕಾಯಿಯ ನಾರು ಬಿಡಿಸತೊಡಗಿದಳು.

"ಅಜ್ಜಿ, ನಿಂಗೆ ನೂರು ಕಾಳು ಕೊಡ್ತಾರೆ ಅಂದ್ಕೋ."

"ನಂಗೆ ಯಾರೂ ಏನೂ ಕೊಡಲ್ಲ."

"ಅಂದ್ಕೋ ಅಜ್ಜಿ. ಒಳ್ಳೆ ಕಾಳು ಆರಿಸಿದ್ರೆ ನಿಂದು. ಕೆಟ್ಟ ಕಾಳು ಎತ್ತಿಕೊಂಡ್ರೆ, ಆರಿಸಿಟ್ಟಿರೋ ಒಳ್ಳೆ ಕಾಳಲ್ಲೂ ಸ್ವಲ್ಪ ಕಿತ್ಕೋತಾರೆ. ಅಮ್ಮನ ಪರೀಕ್ಷೆ ಹಾಗಿದೆ. ಅಮ್ಮಂಗೆ ಒಳ್ಳೇದು ಬೇಕಾದಷ್ಟು ಗೊತ್ತು. ಆದ್ರೆ ಒಂದನ್ನೂ ಬಿಡಬಾರದು ಅಂತ ಕೆಟ್ಟದ್ದನ್ನೂ ಬಾಚ್ಕೋತಾಳೆ. ಎಲ್ಲಾ ಹೋಗುತ್ತೆ."

ಅಜ್ಜಿಯ ಕೈ ನಿಂತಿತು. "ಇದನ್ನ ಮೊದಲೇ ಹೇಳೋದಲ್ವಾ?"

"ನೀನು ಕೇಳಿಸ್ಕೊಂಡೆಯಾ?"

ಅತ್ತೆ ಮತ್ತೊಂದು ಕಾಯಿ ಎತ್ತಿಕೊಂಡಳು. ಆಮೇಲೆ ಕಾಯಿಯ ಕಡೆಗೇ ಮುಖ ಮಾಡಿ ಹೇಳಿದಳು. "ನಂಗೊಬ್ಬ ತಮ್ಮ ಇದ್ದ."

ಮಗಳು ತಲೆಯೆತ್ತಿದಳು. ಆ ಮನೆಯಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ.

"ಸಣ್ಣವನು. ಊರಲ್ಲೆಲ್ಲ ಹಸಿವು. ಯಾರೋ ಒಂದು ಪಾತ್ರೆ ಗಂಜಿ ಕೊಟ್ಟಿದ್ರು. ಹಳಸಿತ್ತು. ವಾಸನೆ ಬರ್ತಿತ್ತು, ಗೊತ್ತಾಗ್ತಿತ್ತು. ಚೆಲ್ಲೋಕೆ ಮನಸ್ಸು ಬರಲಿಲ್ಲ. ಇಬ್ಬರೂ ತಿಂದ್ವಿ. ನಾನು ಎದ್ದೆ. ಅವನು ಏಳಲಿಲ್ಲ."

ಮಗಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. ಅಜ್ಜಿಯ ಮಣಿಕಟ್ಟನ್ನು ಹಿಡಿದುಕೊಂಡಳು. ಅತ್ತೆ ಸ್ವಲ್ಪ ಹೊತ್ತು ಹಿಡಿಯಗೊಟ್ಟು, ಆಮೇಲೆ ಬಿಡಿಸಿಕೊಂಡು ಸೆರಗಿನಲ್ಲಿ ಮೂಗೊರೆಸಿದಳು.

"ಅನ್ನ ಬಿಡಬೇಡ ಅಂದಿದ್ದೀನಿ. ಹಳಸಿದ್ದನ್ನ ತಿನ್ನು ಅಂತ ನಾನು ಯಾವತ್ತು ಹೇಳ್ದೆ? ಎಲ್ಲಿ ನಿಮ್ಮಮ್ಮ?"

ಟೈಲರಮ್ಮ ಬೀದಿ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತಳು. ಕ್ಷಮೆ ಕೇಳುವುದು ಆ ಹೆಂಗಸಿಗೆ ಬರುತ್ತಿರಲಿಲ್ಲ, ಅದನ್ನು ಅವಳಿಂದ ಯಾರೂ ಬಯಸುತ್ತಲೂ ಇರಲಿಲ್ಲ.

"ಎಲ್ಲಿ ಆ ಕಾಗದ? ತೆಗಿ. ಬರಿ, ನನ್ನೆದುರಿಗೆ."

"ಈಗಲಾ? ಅಡುಗೆ..."

"ಅಡುಗೆ ನಿನ್ನ ಗಂಡ ಮಾಡ್ತಾನೆ. ಕೈಯಿಲ್ವಾ ಅವನಿಗೆ?"

ಭಾನುವಾರಗಳು ಬದಲಾದವು. ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಅತ್ತೆ ಅಡುಗೆಮನೆಯ ಗಡಿಯಾರ ಹಿಡಿದು ಕೂರುತ್ತಿದ್ದಳು. ಅಳತೆಗೆ ಬಂದವರನ್ನು ಬಾಗಿಲಿಂದಲೇ ಓಡಿಸುತ್ತಿದ್ದಳು. ಪ್ರಶ್ನೆಯ ಒಂದಕ್ಷರವೂ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಸೊಸೆಯ ಪೆನ್ನು ಗಾಳಿಯಲ್ಲಿ ನಿಂತು ತೂಗಿದ್ದು ಕಂಡರೆ ಬಿಡುತ್ತಿರಲಿಲ್ಲ.

"ಮೂಸಿದೆಯಾ?"

"ಮೂಸಿದೆ ಅತ್ತೆ."

"ಹೇಗಿದೆ?"

"ಸ್ವಲ್ಪ ಹುಳಿ."

"ಮುಟ್ಟಬೇಡ. ಮುಂದಕ್ಕೆ ನಡಿ."

ಅಡುಗೆಮನೆಯಲ್ಲಿ ಗಂಡ ಹೊಗೆಯೆಬ್ಬಿಸುತ್ತಿದ್ದ. ಒಂದು ದಿನ ಬೇಳೆಗೆ ಎರಡು ಸಲ ಉಪ್ಪು ಬಿತ್ತು. ಎಲ್ಲರೂ ಕಣ್ಣಲ್ಲಿ ನೀರು ಹಾಕಿಕೊಂಡು ತಿಂದು ಮುಗಿಸಿದರು, ಯಾಕೆಂದರೆ ತಟ್ಟೆಯ ಕಾನೂನು ಇನ್ನೂ ರದ್ದಾಗಿರಲಿಲ್ಲ. "ಉಪ್ಪು ಹಳಸಲ್ಲ," ಅಂದಳು ಅತ್ತೆ, ನೀರು ಕುಡಿಯುತ್ತಾ. ಅಂಕ ಮಾತ್ರ ಏರುತ್ತಿತ್ತು. ಒಮ್ಮೆ ಇಳಿಯಿತು, ಮತ್ತೆ ಏರಿತು.

ಪರೀಕ್ಷೆಯ ದಿನ ಗಂಡ ಸ್ಕೂಟರಿನಲ್ಲಿ ಕರೆದುಕೊಂಡು ಹೋದ. ಕೇಂದ್ರ ಐದನೇ ಮಹಡಿ. ಲಿಫ್ಟಿನ ಬಾಗಿಲ ಮೇಲೆ ಕೆಟ್ಟಿದೆ ಎಂಬ ಚೀಟಿ.

"ಹತ್ತು ನಿಮಿಷ ಕೊಡಿ, ನಾನೇ ನೋಡ್ತೀನಿ," ಎಂದು ಅವನು ಕಾವಲುಗಾರನ ಹತ್ತಿರ ಜಗಳಕ್ಕೆ ನಿಂತ.

"ಬಿಡ್ರೀ," ಅಂದಳು ಟೈಲರಮ್ಮ. ಅಂದಮೇಲೆ ಅವಳಿಗೇ ನಗು ಬಂತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಲೆ ಹೋದಳು. ಬಾಗಿಲಲ್ಲಿದ್ದ ಹುಡುಗಿ "ಪೋಷಕರು ಕೆಳಗೆ ಇರಬೇಕು ಆಂಟಿ" ಅಂದಳು. ಟೈಲರಮ್ಮ ಪ್ರವೇಶಪತ್ರ ತೋರಿಸಿದಳು. ಹುಡುಗಿ ಎರಡೆರಡು ಸಲ ಫೋಟೋ ನೋಡಿ, ನಾಚಿ, ದಾರಿ ಬಿಟ್ಟಳು.

ಕೊನೆಯ ಐದು ನಿಮಿಷ. ಉತ್ತರಪತ್ರಿಕೆಯಲ್ಲಿ ಅಲ್ಲಲ್ಲಿ ಖಾಲಿ, ಗುಂಡಿ ಬಿದ್ದುಹೋದ ಅಂಗಿಯಂತೆ. ಸುತ್ತ ಮಕ್ಕಳ ವಯಸ್ಸಿನವರೆಲ್ಲ ಗಬಗಬನೆ ತುಂಬುತ್ತಿದ್ದರು. ಅವಳ ಪೆನ್ನು ಒಂದು ಖಾಲಿ ಜಾಗದ ಮೇಲೆ ಬಂದು ನಿಂತಿತು. ಉತ್ತರ ಎರಡನೆಯದಿರಬಹುದು. ಮೂರನೆಯದೂ ಇರಬಹುದು. ಅವಳು ಪೆನ್ನಿನ ಮುಚ್ಚಳ ಹಾಕಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಗಂಟೆ ಹೊಡೆಯುವವರೆಗೂ ಕೂತಳು. ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದು ಅದೇ ಮೊದಲು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದಳು. "ಬಿಟ್ಟೆಯಾ?"

"ಬಿಟ್ಟೆ."

"ಎಲ್ಲಾ ಹಳಸಿದ್ದೇನಾ?"

"ಒಂದೆರಡು ಚೆನ್ನಾಗೇ ಇದ್ವೋ ಏನೋ."

"ಇರಲಿ. ಬದುಕಿದ್ದೀಯಲ್ಲ. ಬಾ, ಉಣ್ಣು."

ಸೀಟು ಸಿಕ್ಕವರ ಮೊದಲ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಆ ವಾರವಿಡೀ ಗಂಡ ಕೊಟ್ಟ ಮಾತಿನಂತೆ ಆಡಿಕೊಂಡು ನಗಲಿಲ್ಲ. ಬದಲಿಗೆ ದಿನವೂ ಪಾತ್ರೆ ತೊಳೆದ. ಅದು ನಗುವುದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು. ಟೈಲರಮ್ಮ ಪುಸ್ತಕಗಳಿಗೆ ಬಟ್ಟೆಯ ಹೊದಿಕೆ ಹೊಲಿದಳು, ಯಾರಿಗಾದರೂ ಕೊಡುವಾಗ ಚೆನ್ನಾಗಿರಲಿ ಎಂದು.

ಎರಡನೇ ಪಟ್ಟಿ ಬಂದದ್ದು ಮಧ್ಯಾಹ್ನ. ಮಗಳು ಅಂಗಡಿಯಿಂದಲೇ ಫೋನ್ ಮಾಡಿ ಕಿರುಚಿದಳು. ಕೌಂಟರಿನ ಎದುರು ಕೆಮ್ಮಿನ ಔಷಧಿಗೆ ನಿಂತಿದ್ದವರಿಗೆಲ್ಲ ವಿಷಯ ಗೊತ್ತಾಯಿತು. ಕೊನೆಯಿಂದ ಐದನೆಯ ಹೆಸರು. ಅಷ್ಟು ಸಾಕು. ಟೈಲರಮ್ಮ ಫೋನನ್ನು ಇಸ್ತ್ರಿ ಮೇಜಿನ ಮೇಲಿಟ್ಟು, ನಿಲುವುಗನ್ನಡಿಯ ಎದುರು ನಿಂತು, ಕೊರಳ ಸುತ್ತ ಅಳತೆ ಟೇಪಿದ್ದ ಹೆಂಗಸನ್ನು ನೋಡಿ ಅತ್ತಳು. ಅಂದು ಸಂಜೆ ಗಂಡ ಊಟಕ್ಕೆ ಕೂತಾಗ, "ಇನ್ಮೇಲೆ ಉಪ್ಪು ಜಾಸ್ತಿ ಆದ್ರೆ ನನ್ನ ಮೇಲೆ ಕೇಸ್ ಹಾಕ್ತಾಳೇನೋ," ಅಂದ. ಅವನ ದನಿಯಲ್ಲಿ ಹೆಮ್ಮೆ ಮುಚ್ಚಿಡುವಷ್ಟು ಜಾಗವಿರಲಿಲ್ಲ.

ತರಗತಿ ಶುರುವಾದ ದಿನ ಬೆಳಗಿನಿಂದಲೇ ಕೋಣೆ ತುಂಬ ಗಿರಾಕಿಗಳು. ಒಬ್ಬರ ಜಿಪ್ಪು, ಇನ್ನೊಬ್ಬರ ತೋಳು. ಸಂಜೆ ಟೈಲರಮ್ಮ ಅವಸರದಲ್ಲಿ ಸೀರೆ ಬದಲಿಸಿ ಊಟಕ್ಕೆ ಕೂತಾಗ ಹೊರಗೆ ಗಂಡ ಸ್ಕೂಟರಿನ ಹಾರ್ನ್ ಒತ್ತುತ್ತಿದ್ದ. ಮಗಳು ಚೀಲ ಹಿಡಿದು ನಿಂತಿದ್ದಳು. "ಅಮ್ಮ, ಬಸ್ಸು ಸಿಗಲ್ಲ ಅಂತ ಅಪ್ಪ ಬಂದಿರೋದು, ಬೇಗ!" ಟೈಲರಮ್ಮ ಗಬಗಬನೆ ತಿಂದಳು. ನೀರು ಕುಡಿದಳು. ಮತ್ತೆ ಹಾರ್ನ್. ಅವಳು ಎದ್ದಳು. ಎದ್ದ ಮೇಲೆ ನೋಡಿದಳು, ತಟ್ಟೆಯಲ್ಲಿ ಇನ್ನೂ ಎರಡು ತುತ್ತು ಅನ್ನವಿತ್ತು. ಒಳ್ಳೆಯ ಅನ್ನ, ಬಿಸಿಯಾಗಿತ್ತು. ಅವಳು ಮತ್ತೆ ಕೂರಲು ಕುರ್ಚಿ ಎಳೆದಳು.

ಅತ್ತೆ ಮೇಜಿನಾಚೆಯಿಂದ ಕೈ ಚಾಚಿ ಆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅತ್ತೆ! ಅದು ನಾನು ತಿಂದು ಬಿಟ್ಟಿದ್ದು..."

"ಗೊತ್ತು. ನಡಿ ನೀನು, ಹೊತ್ತಾಯ್ತು."

ಮಗಳು ಚೀಲ ಹಿಡಿದವಳು ಹಾಗೇ ನಿಂತುಬಿಟ್ಟಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಉಳಿಸಿದ್ದನ್ನು ತಾಯಂದಿರು ತಿನ್ನುವುದು ಎಲ್ಲ ಕಡೆಯೂ ಇದೆ. ಅತ್ತೆ ತನ್ನ ಸ್ವಂತ ಮಗ ಉಳಿಸಿದ್ದನ್ನೂ ಎಂದೂ ತಿಂದವಳಲ್ಲ. ಟೈಲರಮ್ಮ ಹೊಸ್ತಿಲು ದಾಟಿ, ಒಮ್ಮೆ ತಿರುಗಿ ನೋಡಿದಳು. ಅತ್ತೆ ತಲೆ ಬಗ್ಗಿಸಿಕೊಂಡು ಸೊಸೆಯ ತಟ್ಟೆಯ ಅನ್ನವನ್ನು ಬೆರಳಿನಿಂದ ಒಟ್ಟು ಮಾಡಿ, ಒಂದಗುಳನ್ನೂ ಬಿಡದೆ ತಿನ್ನುತ್ತಿದ್ದಳು.